ಹಿತ್ತಿಲ ಇಲಿಗೆ ಗಾಳಿ ಬಂದೂಕು: ಕೊಳ್ಳುವ ಮುನ್ನ ಎರಡು ಮಾತು



ಕಣದಲ್ಲಿ ರಾಗಿ ಬಿದ್ದು, ಅಟ್ಟಕ್ಕೆ ಕಾಯಿ ಏರಿತೆಂದರೆ ನಮ್ಮ ಹಾಸನ ಸೀಮೆಯಲ್ಲಿ ಮನೆಮನೆಗೂ ಒಂದೇ ದೂರು. ಚನ್ನರಾಯಪಟ್ಟಣದ ಕಡೆ ಉಂಡೆ ಕೊಬ್ಬರಿಗೆಂದು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಇಟ್ಟ ಕಾಯಿಗೆ ಇಲಿ. ಹೊಳೆನರಸೀಪುರದ ನಾಲೆ ಬಯಲಿನಲ್ಲಿ ಬತ್ತದ ಬದುವಿಗೆ ಇಲಿ. ಅರಕಲಗೂಡಿನಲ್ಲಿ ಹೊಗೆಸೊಪ್ಪಿನ ಬ್ಯಾರನ್ನಿನ ಪಕ್ಕ ಗುಡ್ಡೆ ಹಾಕಿದ ಮುಸುಕಿನ ಜೋಳಕ್ಕೆ ಹೆಗ್ಗಣ. ಹಾಸನದ ಸುತ್ತ ಬಿತ್ತನೆಗೆ ಎತ್ತಿಟ್ಟ ಆಲೂಗೆಡ್ಡೆಗೂ ಬಿಡುವಿಲ್ಲ. ಇವುಗಳ ಜೊತೆಗೆ ಹಗಲು ಹೊತ್ತಿನಲ್ಲಿ ಕೋತಿ, ನವಿಲು, ಗಿಣಿ. ರೋಸಿಹೋದ ರೈತ ಕೊನೆಗೆ ಕೇಳುವ ಪ್ರಶ್ನೆ: ಕಡಿಮೆ ಬೆಲೆಗೆ ಒಳ್ಳೆಯ ಏರ್ ರೈಫಲ್ ಯಾವುದು?

ಪ್ರಶ್ನೆಯಲ್ಲಿ ತಪ್ಪಿಲ್ಲ. ಅದನ್ನು ಕೇಳುವ ಕ್ರಮದಲ್ಲಿ ಸ್ವಲ್ಪ ಎಡವಟ್ಟಿದೆ ಎಂಬುದು ನನ್ನ ಅಭಿಪ್ರಾಯ. ನೇಗಿಲು ಕೊಳ್ಳುವವನು ಮೊದಲು ತನ್ನ ಮಣ್ಣು ಎಂಥದೆಂದು ನೋಡುತ್ತಾನೆ. ಬಂದೂಕು ಕೊಳ್ಳುವವನು ಮೊದಲು ನೋಡಬೇಕಾದ್ದು ತಾನು ಯಾವ ಪ್ರಾಣಿಗೆ ಗುರಿ ಇಡಲು ಹೊರಟಿದ್ದೇನೆ ಎಂಬುದನ್ನು. ಅದು ತೀರ್ಮಾನವಾದರೆ ಬಂದೂಕಿನ ಆಯ್ಕೆ ಅರ್ಧ ಮುಗಿದಂತೆ. ಕೆಲವರಿಗೆ ಬಂದೂಕೇ ಬೇಡವೆಂದೂ ಆಗಬಹುದು.

ಕಾಯಿದೆಯ ಮಾತನ್ನು ಮೊದಲೇ ಆಡಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಗಾಯಗೊಳಿಸುವುದೂ ಬೇಟೆ, ವಿಷವಿಡುವುದೂ ಬೇಟೆ, ಕೊಲ್ಲಲು ಯತ್ನಿಸಿ ಗುರಿ ತಪ್ಪಿದರೂ ಬೇಟೆಯೇ. ಕೋತಿ, ಕಾಡುಹಂದಿ, ಗಿಣಿ, ಮುಂಗುಸಿ, ಕಾಡುಬೆಕ್ಕು, ಕೇರೆ ಹಾವು ಇವೆಲ್ಲ ಆ ಕಾಯಿದೆಯ ರಕ್ಷಣೆಯಲ್ಲಿವೆ. ನವಿಲು 1963ರಿಂದ ರಾಷ್ಟ್ರಪಕ್ಷಿ; ಕಾಯಿದೆಯ ಮೊದಲನೇ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿಯನ್ನು ಹೊಡೆದರೆ ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಏಳು ವರ್ಷದವರೆಗೆ ಸೆರೆವಾಸ, ಮೇಲೆ 25,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಬಂದೂಕಂತೂ ಸರಕಾರದ ಪಾಲು. ಕಾಗೆ, ಬಾವಲಿಗಳನ್ನು ಹೊಡೆಯಲು ಅಡ್ಡಿಯಿಲ್ಲ ಎಂದು ಹಿರಿಯರು ಹೇಳುವುದುಂಟು. ಹಿಂದೆ ಕಾಯಿದೆಯ ಐದನೇ ಅನುಸೂಚಿಯಲ್ಲಿ ಉಪದ್ರವಿ ಪ್ರಾಣಿಗಳೆಂದು ಕಾಗೆ, ಬಾವಲಿ, ಇಲಿಗಳ ಪಟ್ಟಿ ಇತ್ತು, ನಿಜ. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನು ತೆಗೆದುಹಾಕಿದರು. ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದ್ದರಿಂದ ಹಳೆಯ ಮಾತನ್ನು ನಂಬಿ ಕಾಗೆಗೆ ಗುರಿ ಹಿಡಿಯಬೇಡಿ. ಬೀದಿನಾಯಿ, ನೆರೆಮನೆಯ ದನ, ಬೆಕ್ಕು ಇವುಗಳ ಮೇಲೆ ಪ್ರಯೋಗ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮು ಕಾದಿದೆ. ಅದರಲ್ಲಿ ಐದು ವರ್ಷದವರೆಗೂ ಶಿಕ್ಷೆಯುಂಟು.

ಉಳಿಯುವುದು ಇಲಿ ಮತ್ತು ಹೆಗ್ಗಣ. ಇವನ್ನು ಕೊಲ್ಲುವ ವಿಧಾನವನ್ನು ಕೃಷಿ ಇಲಾಖೆಯೇ ನಮಗೆ ಕಲಿಸುತ್ತದೆ. ಹೀಗಾಗಿ ಹಿತ್ತಿಲ ಏರ್ ರೈಫಲ್ ಎಂದರೆ ಇಲಿ ಬಂದೂಕು ಎಂದೇ ತಿಳಿದು ಮುಂದಿನ ಮಾತು ಕೇಳಿ.

ಅಂಗಡಿಯಲ್ಲಿ ಮುಖ್ಯವಾಗಿ ಎರಡು ಜಾತಿ ಕಾಣುತ್ತವೆ. ಒಂದು, ನಳಿಗೆಯನ್ನು ಮಡಿಸಿ ಸ್ಪ್ರಿಂಗ್ ಎಳೆಯುವ ಜಾತಿ. ಇನ್ನೊಂದು, ಪಂಪಿನಿಂದ ಗಾಳಿ ತುಂಬಿಸಿಡುವ ಸಿಲಿಂಡರಿನ ಜಾತಿ. ಎರಡನೆಯದು ಬಲು ನಿಖರ, ಒದೆತವೂ ಇಲ್ಲ. ಆದರೆ ಬಂದೂಕಿನ ಬೆಲೆಯ ಮೇಲೆ ಪಂಪಿನ ಬೆಲೆ, ಪಂಪಿನ ಮೇಲೆ ವಾಷರಿನ ರಿಪೇರಿ. ಒಂದು ಹಸುವಿನ ಬೆಲೆಯ ಹತ್ತಿರಕ್ಕೆ ಹೋಗುತ್ತದೆ. ಇಲಿಗಾಗಿ ಹಸು ಮಾರುವವರಿಲ್ಲ. ನಮಗೆ ಸ್ಪ್ರಿಂಗ್ ಜಾತಿಯೇ ಸಾಕು.

ನಳಿಗೆಯ ಒಳಅಳತೆ 0.177 ಅಂಗುಲ, ಅಂದರೆ 4.5 ಮಿಲಿಮೀಟರ್ ಇರಲಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಈ ಅಳತೆಯನ್ನು ಮೀರಿದರೆ, ಇಲ್ಲವೆ ನಳಿಗೆಯ ತುದಿಯಲ್ಲಿ ಗುಂಡಿನ ಶಕ್ತಿ 20 ಜೂಲ್ ದಾಟಿದರೆ, ಲೈಸೆನ್ಸು ಬೇಕು. 0.22 ಅಂಗುಲದ ರೈಫಲನ್ನು ಲೈಸೆನ್ಸಿಲ್ಲದೆ ಕೊಡುತ್ತೇನೆಂದು ಯಾರಾದರೂ ಹೇಳಿದರೆ ಅಂಗಡಿಯಿಂದ ಹೊರಗೆ ಬನ್ನಿ.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಮಾರುವವರು ಸೆಕೆಂಡಿಗೆ ಸಾವಿರ ಅಡಿ ವೇಗ ಎಂದು ದೊಡ್ಡದಾಗಿ ಅಚ್ಚು ಹಾಕಿಸುತ್ತಾರೆ. ಸಾಧಾರಣ ಸೀಸದ ಪೆಲೆಟ್ಟು ಅರ್ಧ ಗ್ರಾಮಿಗಿಂತ ಒಂದಿಷ್ಟು ಹೆಚ್ಚು ತೂಗುತ್ತದೆ. ಅದು ನಿಜವಾಗಿಯೂ ಸಾವಿರ ಅಡಿ ವೇಗದಲ್ಲಿ ಹೊರಟರೆ ಶಕ್ತಿ 24 ಜೂಲ್ ಆಗುತ್ತದೆ. ಆ ಬಂದೂಕಿಗೆ ಲೈಸೆನ್ಸು ಬೇಕಾಗುತ್ತದೆ. ಹಾಗಾಗಿ ಒಂದೋ ಆ ಮಾತು ತೀರಾ ಹಗುರವಾದ ಪೆಲೆಟ್ಟು ಹಾಕಿ ಅಳೆದದ್ದು, ಇಲ್ಲವೇ ಸರಕು ಕಾಯಿದೆಯ ಆಚೆಗಿನದು. ಎರಡೂ ನಿಮಗೆ ಬೇಡ. ಏಳುನೂರು ಅಡಿ ವೇಗವಿದ್ದರೆ ಶಕ್ತಿ ಸುಮಾರು 12 ಜೂಲ್. ಹತ್ತು ಹದಿನೈದು ಮೀಟರಿನಲ್ಲಿ ಇಲಿಯ ತಲೆಗೆ ಬಿದ್ದರೆ ಅದು ಧಾರಾಳ. ವೇಗ ಕೇಳಬೇಡಿ, ಎಷ್ಟು ಜೂಲ್ ಎಂದು ಕೇಳಿ. ಅದನ್ನು ರಸೀದಿಯಲ್ಲಿ ಅಥವಾ ಕಂಪೆನಿಯ ಕಾಗದದಲ್ಲಿ ತೋರಿಸಲು ಹೇಳಿ. ಅಂಗಡಿಯವರು ನಿಮ್ಮ ಗುರುತಿನ ಚೀಟಿ, ವಿಳಾಸ ಕೇಳಿದರೆ ಬೇಸರ ಬೇಡ. ಕೇಳದೆ ಕೊಡುವವರ ಬಳಿಯೇ ಕೊಳ್ಳಬಾರದು.

ಕೈಯಲ್ಲಿ ಹಿಡಿದಾಗ ಏನು ನೋಡಬೇಕು? ನಳಿಗೆಯನ್ನು ಮಡಿಸಿ ಮತ್ತೆ ಕೂರಿಸಿ, ಅಕ್ಕಪಕ್ಕಕ್ಕೆ ಅಲುಗಾಡಿಸಿ. ಎಳ್ಳಷ್ಟು ಅಲ್ಲಾಡಿದರೂ ಆ ಬಂದೂಕು ಎಂದಿಗೂ ಒಂದೇ ಕಡೆ ಹೊಡೆಯುವುದಿಲ್ಲ. ಸ್ಪ್ರಿಂಗ್ ಎಳೆಯಲು ನಿಮ್ಮ ತೋಳಿಗೆ ಆಯಾಸವಾಗುವುದಾದರೆ ಅದಕ್ಕಿಂತ ಮೆದುವಾದದ್ದನ್ನು ಕೇಳಿ. ಅತಿ ಬಿರುಸಾದ ಸ್ಪ್ರಿಂಗಿಗೆ ಒದೆತ ಜಾಸ್ತಿ, ಗುರಿ ಕಡಿಮೆ. ಸ್ಪ್ರಿಂಗ್, ಪಿಸ್ಟನ್ನಿನ ವಾಷರು, ನಳಿಗೆಯ ಬುಡದ ರಬ್ಬರ್ ಉಂಗುರ ಈ ಮೂರು ಬಿಡಿಭಾಗ ಸಿಗುತ್ತವೆಯೇ ಎಂದು ಕೇಳದೆ ದುಡ್ಡು ಎಣಿಸಬೇಡಿ. ಸವೆಯುವುದು ಇವೇ. ದುರ್ಬೀನು ಬೇಡವೇ ಬೇಡ. ಸ್ಪ್ರಿಂಗ್ ರೈಫಲಿನ ಒದೆತ ಮುಂದಕ್ಕೂ ಹಿಂದಕ್ಕೂ ಇರುವುದರಿಂದ ಅಗ್ಗದ ದುರ್ಬೀನು ಬಹಳ ದಿನ ಬಾಳುವುದಿಲ್ಲ. ಆ ಹಣದಲ್ಲಿ ಒಳ್ಳೆಯ ಪೆಲೆಟ್ಟು ಕೊಳ್ಳಿ.

ಪರೀಕ್ಷೆ ಸುಲಭ. ಹತ್ತು ಮೀಟರ್ ಅಳೆದು ಕಾಗದ ಅಂಟಿಸಿ ಐದು ಗುಂಡು ಹೊಡೆಯಿರಿ. ಐದೂ ತೂತುಗಳು ಎರಡು ರೂಪಾಯಿ ನಾಣ್ಯದ ಅಡಿ ಮುಚ್ಚಿಹೋಗಬೇಕು. ಇಲಿಯ ತಲೆ ಅದಕ್ಕಿಂತ ದೊಡ್ಡದಲ್ಲ. ನಾಣ್ಯದ ಆಚೆ ಹೋಗುವುದಾದರೆ ನೀವು ಇಲಿಯನ್ನು ಕೊಲ್ಲುವುದಿಲ್ಲ, ಕುಂಟಾಗಿಸುತ್ತೀರಿ. ಅದು ಅಟ್ಟದ ಸಂದಿಯಲ್ಲಿ ಸತ್ತು ವಾರಗಟ್ಟಲೆ ನಾರುತ್ತದೆ. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ನಮ್ಮ ದೇಶಕ್ಕೆ ಚಿನ್ನದ ಪದಕ ತಂದದ್ದು ಇದೇ 4.5 ಮಿಲಿಮೀಟರಿನ, ಇದೇ ಹತ್ತು ಮೀಟರಿನ ಏರ್ ರೈಫಲ್ ಸ್ಪರ್ಧೆಯಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರು. ಆದರೆ ಅಲ್ಲಿ ಕಾಗದ ಓಡುವುದಿಲ್ಲ ಅನ್ನಿ.

ತಂದ ಮೇಲೆ ಪೆಲೆಟ್ಟಿಲ್ಲದೆ ಟ್ರಿಗರ್ ಎಳೆಯಬೇಡಿ. ತಡೆಯಿಲ್ಲದ ಪಿಸ್ಟನ್ನು ಹೋಗಿ ಗುದ್ದಿ ವಾಷರು ಹಾಳಾಗುತ್ತದೆ. ಸ್ಪ್ರಿಂಗ್ ಎಳೆದಿಟ್ಟು ರಾತ್ರಿಯೆಲ್ಲ ಮೂಲೆಗೆ ನಿಲ್ಲಿಸಬೇಡಿ. ನಳಿಗೆ ಮಡಿಸಿರುವಾಗ ಟ್ರಿಗರ್ ತಗುಲಿದರೆ ನಳಿಗೆ ಪಟ್ಟನೆ ಮೇಲೇಳುತ್ತದೆ, ಬೆರಳು ನಜ್ಜುಗುಜ್ಜಾಗುತ್ತದೆ. ಪೆಲೆಟ್ಟು ತುಂಬುವಾಗ ಒಂದು ಕೈ ನಳಿಗೆಯನ್ನು ಬಿಡಲೇಬಾರದು. ಸೈಕಲ್ ಛರೆ, ಮೊಳೆ ತುಂಡು ಹಾಕಿ ಹೊಡೆಯುವ ಜಾಣರಿದ್ದಾರೆ. ಅವರ ನಳಿಗೆಯೊಳಗಿನ ಸುರುಳಿ ಗೀರುಗಳು ಬೇಗ ಸವೆಯುತ್ತವೆ. ಪೆಲೆಟ್ಟು ಸೀಸದ್ದು, ಮುಟ್ಟಿದ ಕೈಯಲ್ಲಿ ಊಟ ಮಾಡಬೇಡಿ. ಹೊಡೆದ ಇಲಿಯನ್ನು ತಿಪ್ಪೆಗೆ ಎಸೆಯದೆ ಹೂಳಿ.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ನಿಜವಾದ ಅಭಿಪ್ರಾಯ ಹೇಳಬೇಕು. ಇಲಿಯ ಕಾಟಕ್ಕೆ ಏರ್ ರೈಫಲ್ ಸಣ್ಣ ಉಪಾಯ. ಇಲಿ ಓಡಾಡುವುದು ರಾತ್ರಿ. ಹೆಣ್ಣಿಲಿ ಮೂರು ವಾರದ ಬಸಿರಿನಲ್ಲಿ ಆರೇಳು ಮರಿ ಹಾಕುತ್ತದೆ. ನೀವು ನಿದ್ದೆಗೆಟ್ಟು ವಾರಕ್ಕೆ ಎರಡು ಹೊಡೆದರೆ ಲೆಕ್ಕ ಎಂದಿಗೂ ಸರಿಹೋಗುವುದಿಲ್ಲ. ಮಂಗಳೂರು ಹೆಂಚಿನ ಮನೆಯಾದರೆ ಇನ್ನೂ ಸೊಗಸು: ಇಲಿ ತಪ್ಪಿಸಿಕೊಂಡಿತು, ಹೆಂಚು ಒಡೆಯಿತು, ಮಳೆಗಾಲಕ್ಕೆ ಸೋರಿತು. ಕೋಳಿಗೂಡಿನ ಬಳಿ, ಕೊಟ್ಟಿಗೆಯ ಮೂಲೆಯಲ್ಲಿ, ವಿಷವಿಡಲು ಅಂಜಿಕೆಯಾಗುವ ಜಾಗದಲ್ಲಿ ಬಂದು ಕೂರುವ ಒಂದೆರಡು ಹೆಗ್ಗಣಕ್ಕೆ ಬಂದೂಕು ಸರಿ. ಅಟ್ಟದ ಕಾಯಿಗೂ ಗದ್ದೆಗೂ ತೆಂಗಿನ ತೋಟಕ್ಕೂ ಅಲ್ಲ.

ತೆಂಗಿನ ತೋಟವನ್ನೇ ನೋಡಿ. ಮರದ ಕೆಳಗೆ ತೊಟ್ಟಿನ ಹತ್ತಿರ ತೂತು ಬಿದ್ದ ಎಳೆಗಾಯಿ ಉದುರಿದ್ದರೆ ಇಲಿ ನೆಲದಲ್ಲಿಲ್ಲ, ಮೇಲೆ ಸುಳಿಯಲ್ಲಿ ಗೂಡು ಕಟ್ಟಿದೆ. ನಲವತ್ತು ಐವತ್ತು ಅಡಿ ಎತ್ತರದ ಗರಿಗಳ ನಡುವೆ ಅವಿತ ಇಲಿಗೆ ಯಾವ ಬಂದೂಕೂ ಇಲ್ಲ. ಗುರಿ ತಪ್ಪಿದ ಪೆಲೆಟ್ಟು ಮಾತ್ರ ಮೇಲಕ್ಕೆ ಹೊರಟು 300 ಮೀಟರು ದೂರದಲ್ಲಿ ಯಾರ ಅಂಗಳದಲ್ಲೋ ಬೀಳಬಹುದು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಇದಕ್ಕೆ ಒಳ್ಳೆಯ ದಾರಿ ತೋರಿಸಿದ್ದಾರೆ. ಶೇಕಡಾ 0.005ರ ಬ್ರೋಮಾಡಿಯೋಲೋನ್ ಮೇಣದ ಬಿಲ್ಲೆ, ಹತ್ತು ಗ್ರಾಮಿನದು, ಸುಳಿಯಲ್ಲಿ ಇಡುವುದು. ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ ಇಡುವುದು. ಎಲ್ಲ ಮರವನ್ನೂ ಹತ್ತಬೇಕಿಲ್ಲ, ಐದು ಮರಕ್ಕೆ ಒಂದು ಮರ ಸಾಕು. ಇಲಿ ಮರದಿಂದ ಮರಕ್ಕೆ ಗರಿಯ ಮೇಲೇ ಓಡಾಡುವುದರಿಂದ ಬಿಲ್ಲೆಯ ಬಳಿಗೆ ತಾನೇ ಬರುತ್ತದೆ. ಗರಿ ಗರಿಗೆ ತಾಗದಷ್ಟು ಅಂತರದ ತೋಟವಾದರೆ ಕಾಂಡಕ್ಕೆ ನೆಲದಿಂದ ಎರಡು ಮೀಟರು ಮೇಲೆ ತಗಡಿನ ಪಟ್ಟಿ ಸುತ್ತಿದರೆ ಇಲಿ ಹತ್ತಲಾರದು. ಒಮ್ಮೆ ಸುತ್ತಿದರೆ ವರ್ಷಗಟ್ಟಲೆ ಬರುತ್ತದೆ. ಗರಿ ತಾಗುವ ತೋಟದಲ್ಲಿ ತಗಡು ಸುತ್ತುವುದು ಬರೀ ಖರ್ಚು.

ಗದ್ದೆಯಲ್ಲಿ ಮೊದಲ ಕೆಲಸ ಬದುವನ್ನು ಸಣ್ಣದು ಮಾಡುವುದು. ದಪ್ಪ ಬದು ಇಲಿಗೆ ಕಟ್ಟಿಕೊಟ್ಟ ಮನೆ. ಸತುವಿನ ಫಾಸ್ಫೈಡ್ ಇಡುವವರು ಎರಡು ಮೂರು ದಿನ ವಿಷವಿಲ್ಲದ ನುಚ್ಚು ಇಟ್ಟು ರುಚಿ ಹತ್ತಿಸಬೇಕು. ಆಮೇಲೆ 96 ಭಾಗ ನುಚ್ಚು, 2 ಭಾಗ ಎಣ್ಣೆ, 2 ಭಾಗ ಔಷಧಿ, ಕಡ್ಡಿಯಲ್ಲಿ ಕಲಸಿ ಬಿಲದೊಳಗೆ ಹಾಕಿ ಮುಚ್ಚಬೇಕು. ಈ ವಿಷಕ್ಕೆ ಪ್ರತಿವಿಷವಿಲ್ಲ. ಮನೆಯ ಪಾತ್ರೆಯಲ್ಲಿ ಕಲಸಬೇಡಿ, ಮಕ್ಕಳ ಕೈಗೆಟುಕುವ ಗೂಡಿನಲ್ಲಿ ಇಡಬೇಡಿ. ಅಟ್ಟಕ್ಕೆ ವಿಷ ಬೇಡ; ಇನ್ನೂರು ರೂಪಾಯಿಯ ಕತ್ತರಿ ಬೋನು ನಾಲ್ಕು ತಂದು ಗೋಡೆಯ ಅಂಚಿಗೆ ಇಡಿ, ಇಲಿ ಗೋಡೆ ಹಿಡಿದೇ ಓಡುತ್ತದೆ. ಗದ್ದೆಯಲ್ಲಿ ಇಂಗ್ಲಿಷಿನ ಟಿ ಅಕ್ಷರದಂತೆ ಕೋಲು ನೆಟ್ಟರೆ ಗೂಬೆ ಬಂದು ಕೂರುತ್ತದೆ. ಗೂಬೆ ಕೂತರೆ ಮನೆ ಹಾಳು ಎನ್ನುವವರು ಇನ್ನೂ ಇದ್ದಾರೆ. ಹಾಳಾಗುವುದು ಇಲಿಯ ಮನೆ. ಕೇರೆ ಹಾವನ್ನು ಬಡಿದು ಕೊಂದವರೇ ಮರುವರ್ಷ ಏರ್ ಗನ್ ಬೆಲೆ ಕೇಳುವುದನ್ನು ನಾನು ಬಲ್ಲೆ.

ಈಗ ಕೋತಿಯ ವಿಷಯ. ಏರ್ ಗನ್ ಕೊಳ್ಳುವವರಲ್ಲಿ ಹಲವರು ಬಾಯಲ್ಲಿ ಇಲಿ ಅಂದರೂ ಮನಸ್ಸಿನಲ್ಲಿ ಕೋತಿಯನ್ನೇ ಇಟ್ಟುಕೊಂಡಿರುತ್ತಾರೆ. ಅವರ ಕಷ್ಟ ಸುಳ್ಳಲ್ಲ. ಹಿಂಡು ಒಂದು ಬೆಳಿಗ್ಗೆ ಬಂದು ಹೋದರೆ ಬಾಳೆ, ಜೋಳ, ಎಳನೀರು ಎಲ್ಲವೂ ಹೋಯಿತು. ಆದರೆ 12 ಜೂಲಿನ ಪೆಲೆಟ್ಟು ಕೋತಿಯನ್ನು ಕೊಲ್ಲುವುದಿಲ್ಲ. ಮಾಂಸದಲ್ಲಿ ನಾಟಿ ಕೊಳೆತು ವಾರಗಟ್ಟಲೆ ಸಾಯಿಸುತ್ತದೆ. ಹಿಂಡು ಪಕ್ಕದವರ ತೋಟಕ್ಕೆ ಹೋಗಿ ನಾಲ್ಕು ದಿನಕ್ಕೆ ಮರಳುತ್ತದೆ. ಕಾಡುಹಂದಿಗಾದರೆ ಆ ಪೆಲೆಟ್ಟು ಕೆಣಕಿದಂತೆ ಅಷ್ಟೇ, ಅದು ನಿಮ್ಮ ಮೇಲೇ ಬರುತ್ತದೆ.

ರೋಸಿಹೋದ ಮನಸ್ಸು ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ನಮ್ಮ ಜಿಲ್ಲೆಯೇ ಕಂಡಿದೆ. 2021ರ ಜುಲೈ ಕೊನೆಯಲ್ಲಿ ಬೇಲೂರು ತಾಲ್ಲೂಕಿನ ಚೌಡನಹಳ್ಳಿ ಬಳಿ ರಸ್ತೆಯ ಬದಿಯಲ್ಲಿ ಗೋಣಿಚೀಲಗಳು ಬಿದ್ದಿದ್ದವು. ಬಿಚ್ಚಿ ನೋಡಿದರೆ ಕೋತಿಗಳು. 38 ಸತ್ತಿದ್ದವು, ಕೆಲವು ಇನ್ನೂ ಉಸಿರಾಡುತ್ತಿದ್ದವು. ರಾಜ್ಯದ ಹೈಕೋರ್ಟು ಅದನ್ನು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಅಷ್ಟೂ ಕೋತಿಗಳು ಸತ್ತದ್ದರಿಂದ ಹಾಸನ ಜಿಲ್ಲೆಯ ಯಾವ ತೋಟಕ್ಕೂ ಕೋತಿ ಬರುವುದು ನಿಲ್ಲಲಿಲ್ಲ.

ಮನೆಯಲ್ಲಿ ಬಂದೂಕಿರುವುದಕ್ಕೆ ಇನ್ನೊಂದು ಬೆಲೆಯಿದೆ. ಏರ್ ಗನ್ ಆಟದ ಸಾಮಾನು ಎಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. 2025ರ ಸೆಪ್ಟೆಂಬರಿನಲ್ಲಿ ಶಿರಸಿ ತಾಲ್ಲೂಕಿನ ತೋಟವೊಂದರಲ್ಲಿ ಕೋತಿ ಓಡಿಸಲು ಇಟ್ಟಿದ್ದ ಏರ್ ಗನ್ ಮಕ್ಕಳ ಕೈಗೆ ಸಿಕ್ಕಿ ಸಿಡಿಯಿತು. ಅಲ್ಲಿ ದುಡಿಯಲು ಬಂದಿದ್ದ ಕುಟುಂಬದ ಒಂಬತ್ತು ವರ್ಷದ ಹುಡುಗ ಪ್ರಾಣ ಬಿಟ್ಟ. ಗುಂಡು ಸಿಡಿದದ್ದು ಅವನ ತಮ್ಮನ ಕೈಯಿಂದ. ಹತ್ತಿರದಿಂದ ಬಿದ್ದರೆ ಮಕ್ಕಳ ಎದೆಗೆ, ತಲೆಗೆ, ಕಣ್ಣಿಗೆ ಈ ಸಣ್ಣ ಸೀಸ ಸಾಕು. ಹಾಗಾಗಿ ಕೊಂಡವರು ಬಂದೂಕನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಡಿ, ಪೆಲೆಟ್ಟನ್ನು ಬೇರೆ ಕಡೆ ಇಡಿ, ಎರಡರ ಬೀಗದ ಕೈಯೂ ಒಬ್ಬರ ಸೊಂಟದಲ್ಲಿರಲಿ. ಗೋಡೆಯ ಮೊಳೆಗೆ ತೂಗುಹಾಕಲು ಅದು ಕ್ಯಾಲೆಂಡರಲ್ಲ. ಹೊಡೆಯುವಾಗ ಇಲಿಯ ಹಿಂದೆ ಮಣ್ಣಿನ ಗುಡ್ಡೆಯೋ ಮರಳಿನ ಚೀಲವೋ ಇರಬೇಕು. ಕಲ್ಲುಗೋಡೆಗೂ ತೆಂಗಿನ ಕಾಂಡಕ್ಕೂ ತಗುಲಿದ ಪೆಲೆಟ್ಟು ಹಿಂದಕ್ಕೆ ಚಿಮ್ಮುತ್ತದೆ. ಈಶಾನ್ಯದ ಅರುಣಾಚಲ ಪ್ರದೇಶದಲ್ಲಿ 2021ರಲ್ಲಿ ಏರ್ ಗನ್ ಒಪ್ಪಿಸುವ ಅಭಿಯಾನ ಶುರುವಾಗಿ ಎರಡು ಸಾವಿರಕ್ಕೂ ಹೆಚ್ಚು ಬಂದೂಕುಗಳನ್ನು ಹಳ್ಳಿಗರೇ ತಂದು ಸರಕಾರಕ್ಕೆ ಕೊಟ್ಟರು. ಕಾಡಿನ ಹಕ್ಕಿ ಮುಗಿಯುತ್ತ ಬಂದದ್ದನ್ನು ಅವರೇ ಕಂಡಿದ್ದರು.

ಶಬ್ದಕ್ಕೆ ಕೋತಿ ಹೆದರುವುದು ನಿಜ. ಅದಕ್ಕೆಂದು ಪೈಪಿನಲ್ಲಿ ಕಾರ್ಬೈಡ್ ಹಾಕಿ ಸಿಡಿಸುವ ಕೋವಿ ಈಗ ಎಲ್ಲ ಕಡೆ ಬಂದಿದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಅದೇ ಕೋವಿ ಸಿಡಿದು ಹಲವು ಮಕ್ಕಳ ಕಣ್ಣು ಹೋಯಿತು. ಅದನ್ನು ಹಿತ್ತಿಲಿಗೆ ತರಬೇಡಿ. ತೀರ್ಥಹಳ್ಳಿ ತಾಲ್ಲೂಕಿನ ನಲ್ಲೂರಿನ ರೈತರೊಬ್ಬರು 2019ರಲ್ಲಿ ತಮ್ಮ ನಾಯಿಗೆ ಹುಲಿಯ ಪಟ್ಟೆ ಬಳಿದು ತೋಟದಲ್ಲಿ ಬಿಟ್ಟರು. ಊರೆಲ್ಲ ನಕ್ಕಿತು, ಆದರೆ ಕೋತಿ ಹೆದರಿತಂತೆ. ಕೋತಿ ಬುದ್ಧಿವಂತ ಪ್ರಾಣಿ, ಯಾವ ಬೆದರಿಕೆಯಾದರೂ ಹದಿನೈದು ದಿನಕ್ಕೆ ಹಳತಾಗುತ್ತದೆ. ಬದಲಿಸುತ್ತಲೇ ಇರಬೇಕು. ನನಗೆ ತಿಳಿದಂತೆ ಹಗಲು ತೋಟದಲ್ಲಿ ಒಬ್ಬ ಮನುಷ್ಯ ಮತ್ತು ಎರಡು ನಾಯಿ ಇದ್ದರೆ ಅದಕ್ಕೆ ಮಿಗಿಲಾದದ್ದಿಲ್ಲ. ಆಳಿನ ಕೂಲಿ ಯಾರು ಕೊಡುತ್ತಾರೆ ಎಂದು ನೀವು ಕೇಳುತ್ತೀರಿ. ಅದೇ ಸರಿಯಾದ ಪ್ರಶ್ನೆ, ಅದನ್ನು ಬಂದೂಕಿನ ಅಂಗಡಿಯಲ್ಲಿ ಕೇಳಬಾರದು, ಸರಕಾರವನ್ನು ಕೇಳಬೇಕು. ಹಿಮಾಚಲ ಪ್ರದೇಶ ಸರಕಾರ ಕೋತಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡುವ ಕೇಂದ್ರಗಳನ್ನು ತೆರೆದಿದೆ. ತೆಲಂಗಾಣ 2020ರಲ್ಲಿ ನಿರ್ಮಲ್‌ನಲ್ಲಿ ಅಂಥದೇ ಒಂದನ್ನು ಶುರುಮಾಡಿತು. ಹಾಸನಕ್ಕೂ ಅಂಥದೊಂದು ಬರಲಿ ಎಂದು ನಾಲ್ಕು ತಾಲ್ಲೂಕಿನ ಗ್ರಾಮ ಪಂಚಾಯಿತಿಗಳು ಒಂದೇ ವಾರ ನಿರ್ಣಯ ಬರೆದು ಕಳಿಸಿದರೆ ಅದು ಫೈಲಿನಲ್ಲಿ ಮಲಗುವುದು ಕಷ್ಟ. ಬೆಳೆ ನಾಶಕ್ಕೆ ಕಾರಣವಾದ ಕೆಲವು ಪ್ರಾಣಿಗಳ ವಿಷಯದಲ್ಲಿ ಲಿಖಿತ ಅಪ್ಪಣೆ ಕೊಡಲು ಕಾಯಿದೆಯ 11ನೇ ಕಲಮಿನಲ್ಲಿ ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಅಧಿಕಾರವಿದೆ. ಆ ಅರ್ಜಿಯನ್ನೂ ಬರೆಯಬಹುದು. ಅಪ್ಪಣೆ ಕೈಗೆ ಬರುವ ಮುಂಚೆ ಟ್ರಿಗರಿಗೆ ಬೆರಳು ಹೋಗಬಾರದು ಅಷ್ಟೇ.

ಇಲಿಯ ಕೆಲಸವನ್ನಾದರೂ ಊರೊಟ್ಟಿಗೆ ಮಾಡಿ. ಒಬ್ಬನ ಗದ್ದೆಯಲ್ಲಿ ವಿಷವಿಟ್ಟರೆ ಇಲಿ ಪಕ್ಕದ ಬದುವಿಗೆ ಹೋಗಿ ಹದಿನೈದು ದಿನಕ್ಕೆ ಹಿಂತಿರುಗುತ್ತದೆ. ಬತ್ತ ಹೊಡೆ ಕಟ್ಟುವ ಮುನ್ನ ಒಂದು ದಿನ ಗೊತ್ತು ಮಾಡಿ, ವಾಚನಾಲಯದ ಹಲಗೆಯ ಮೇಲೆ ತಾರೀಖು ಬರೆಯಿರಿ. ಹಿಂದಿನ ಸಂಜೆ ಎಲ್ಲ ಬಿಲವನ್ನೂ ಮಣ್ಣಿನಿಂದ ಮುಚ್ಚಿ. ಬೆಳಿಗ್ಗೆ ಮತ್ತೆ ತೆರೆದಿರುವ ಬಿಲದಲ್ಲೇ ಇಲಿ ಇದೆ, ಅದಕ್ಕೆ ಮಾತ್ರ ಔಷಧಿ ಹಾಕಿ. ಎಷ್ಟು ಬೇಕು, ಯಾವುದು ಬೇಕು ಎಂಬ ಸಂದೇಹ ಬಂದರೆ ಹಾಸನದ ಬಳಿ ಕಂದಲಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಕಾರೇಕೆರೆಯ ಕೃಷಿ ಕಾಲೇಜಿಗೋ ಒಬ್ಬರು ಹೋಗಿ ಕೇಳಿಕೊಂಡು ಬನ್ನಿ. ಹೋಗುವಾಗ ಇಲಿ ಕಡಿದ ಒಂದು ಕಾಯಿಯನ್ನೋ ಬತ್ತದ ದಂಟನ್ನೋ ಚೀಲದಲ್ಲಿ ಹಾಕಿಕೊಂಡು ಹೋಗಿ. ಹಲ್ಲಿನ ಗುರುತು ನೋಡಿದರೆ ಯಾವ ಇಲಿಯೆಂದು ಅವರಿಗೆ ಹೇಳಲು ಸುಲಭವಾಗುತ್ತದೆ.